ಒಂದೇ ಪಾತ್ರೆಯ ಸೂಪು

2019ರ ಅಕ್ಟೋಬರ್ 12, ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಕ ಒಂಬತ್ತು ಬಟ್ಟಲಿಗೂ ಸೂಪು ಬಡಿಸಿದಳು. ಕ್ಯಾಥೊಲಿಕ್ ಸನ್ಯಾಸಿಗಳಾದ ಬ್ರದರುಗಳ ಈ ಮನೆಯಲ್ಲಿ ತಾನೂ ಒಬ್ಬ ಬ್ರದರಾಗಿ ಮೂವತ್ತು ವರ್ಷ ಅಡುಗೆ ಮಾಡಿದ ಅವಳ ತಮ್ಮ ತೀರಿಕೊಂಡು ಅಂದಿಗೆ ಒಂದು ತಿಂಗಳು. ಅವನ ಕೈರುಚಿಯನ್ನು ಇವರಿಗೆ ಇನ್ನೊಮ್ಮೆ ಉಣಿಸಬೇಕೆಂಬುದೇ ಅವಳ ಆಸೆ. ಅಕ್ಕ ತಮ್ಮ ಇಬ್ಬರೂ ಅಡುಗೆ ಕಲಿತದ್ದು ತಾಯಿಯ ಒಲೆಯ ಮುಂದೆ.

ಮೊದಲ ಗುಟುಕಿಗೇ ಎಲ್ಲರ ಚಮಚ ನಿಂತಿತು.

“ಬೇಜಾರು ಮಾಡ್ಕೋಬೇಡಿ ಅಕ್ಕಾ, ಸಮುದ್ರಾನೇ ಕುದಿಸಿಬಿಟ್ಟಿದ್ದೀರಿ,” ಎಂದರು ಮನೆಯ ಹಿರಿಯ ಬ್ರದರ್.

ಅಕ್ಕನ ಮುಖ ಸಣ್ಣಗಾಯಿತು. “ಇದಕ್ಕಿಂತ ಕಮ್ಮಿ ಉಪ್ಪಿದ್ರೆ ನನ್ ತಮ್ಮ ತಟ್ಟೆ ತಳ್ತಿದ್ದ. ಹಾಗಾದ್ರೆ ಇಲ್ಲಿ ಅಡುಗೆ ಮಾಡ್ತಿದ್ದೋನು ಯಾರು?”

“ಅವನೇ,” ಎಂದರು ಔಷಧಿ ನೋಡಿಕೊಳ್ಳುವ ಬ್ರದರ್. “ಹನ್ನೊಂದು ವರ್ಷದ ಹಿಂದೆ ಡಾಕ್ಟರು ನಮ್ಮ ಹಿರಿಯರಿಗೆ ಬಿ.ಪಿ. ಜಾಸ್ತಿ, ಉಪ್ಪು ಕಮ್ಮಿ ಮಾಡಿ ಅಂದ್ರು. ಇವರು, ಎಲ್ಲರಿಗೂ ಒಂದೇ ಪಾತ್ರೆ, ನನಗೆ ಬೇರೆ ಬೇಡ ಅಂತ ಹಟ ಹಿಡಿದ್ರು. ಅವನು ಆ ಪಾತ್ರೆಗೇ ಉಪ್ಪು ಇಳಿಸ್ತಾ ಬಂದ, ತಿಂಗಳಿಗಿಷ್ಟು ಅಂತ. ನನಗೊಬ್ಬನಿಗೇ ಹೇಳಿದ್ದ. ಯಾರ ನಾಲಿಗೆಗೂ ಗೊತ್ತಾಗ್ಲಿಲ್ಲ, ಅವನದೊಂದು ಬಿಟ್ಟು.”

“ಬೆಳಗಿನ ನಡಿಗೆಯಿಂದ ಬಿ.ಪಿ. ಇಳೀತು ಅಂದ್ಕೊಂಡಿದ್ದೆ,” ಎಂದರು ಹಿರಿಯರು.

“ಗೇಟಿನ ತನಕ ಹೋಗಿ ಬರೋದಕ್ಕೆ ನಡಿಗೆ ಅಂತಾರಾ?” ಎಂದರು ಔಷಧಿಯ ಬ್ರದರ್.

ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ಬಟ್ಟಲುಗಳನ್ನು ಎತ್ತಿಕೊಂಡು ಹೋಗಿ, ಚಿಟಿಕೆ ಉಪ್ಪಿನಲ್ಲಿ ಹೊಸದಾಗಿ ತರಕಾರಿ ಸೂಪು ಮಾಡಿ ತಂದಳು. ತಾನೂ ಅವರ ಜೊತೆ ಕೂತು, ತನ್ನ ತಮ್ಮ ಅಷ್ಟು ವರ್ಷ ಉಂಡ ಸಪ್ಪೆಯನ್ನು ತಳಮುಟ್ಟ ಕುಡಿದಳು.

ಊಟವಾದ ಮೇಲೆ, ಅವಳು ಕೇಳಿದ್ದರಿಂದ, ಔಷಧಿಯ ಬ್ರದರ್ ಹಿರಿಯರ ರಕ್ತದೊತ್ತಡ ನೋಡಿದರು. 128/80 ಇತ್ತು.