ಎಫ್ ಫೈವ್ ಒತ್ತಿ ನೋಡು

ನಾನು ಕೆಟ್ಟವನಲ್ಲ ಸ್ವಾಮಿ, ತಮಾಷೆ ಮನುಷ್ಯ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನದನ್ನ ಕೇಳಿದ ಮೇಲೆ ನೀವು ಈ ಮಾತನ್ನ ಕಿವಿಗೇ ಹಾಕಿಕೊಳ್ಳಲ್ಲ.

ಹೆಸರು ಕೌಶಿಕ್. ನಮ್ಮ ತಾತ ಇನ್ಶೂರೆನ್ಸ್ ಕೆಲಸಕ್ಕೆ ಅಂತ ಮದರಾಸಿಗೆ ಬಂದವರು, ಅವತ್ತಿಂದ ನಾವು ವೆಸ್ಟ್ ಮಾಂಬಲಂ ಬಿಟ್ಟು ಕದಲಿಲ್ಲ. ಮನೇಲಿ ಕನ್ನಡ, ಬಾಗಿಲು ದಾಟಿದ್ರೆ ತಮಿಳು, ಶೋಳಿಂಗನಲ್ಲೂರಿನ ಆಫೀಸಲ್ಲಿ ಇಂಗ್ಲಿಷು. ಬೈಯೋಕೆ ಮೂರೂ ಬರುತ್ತೆ. ಹದಿನಾರು ವರ್ಷದಿಂದ ವೆಬ್ ಪುಟ ಕಟ್ಟೋದೇ ನನ್ನ ಹೊಟ್ಟೆಪಾಡು.

ಈ ವಿದ್ಯೆ ಕಲಿತದ್ದು ಕಾಲೇಜಲ್ಲಿ ಅಲ್ಲ. ಮಾಂಬಲಂ ಸ್ಟೇಷನ್ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಪ್ಲೈವುಡ್ ಗೂಡುಗಳು, ಬೆವರಿನ ವಾಸನೆ, ಆಮೆಗಿಂತ ನಿಧಾನದ ಇಂಟರ್ನೆಟ್ ಎಕ್ಸ್‌ಪ್ಲೋರರ್. ಬೇರೆಯವರು ಪುಟ ನೋಡಿದ್ರೆ ನಾನು ರೈಟ್ ಕ್ಲಿಕ್ ಮಾಡಿ, ವ್ಯೂ ಸೋರ್ಸ್ ಒತ್ತಿ, ಆ ಪುಟದ ಹೊಟ್ಟೆಯೊಳಗೆ ಏನಿದೆ ಅಂತ ನೋಡ್ತಿದ್ದೆ. ವೆಬ್ಬಿನದು ಮೊದಲಿಂದಲೂ ಇದೊಂದು ದೊಡ್ಡ ಮನಸ್ಸು. ಯಾರ ಪುಟವಾದ್ರೂ ಸರಿ, ಹೇಗೆ ಬರೆದಿದ್ದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ಮುಚ್ಚುಮರೆ ಇಲ್ಲ. ಆಮೇಲೆ ಬಂದ ಬ್ರೌಸರುಗಳು ಇನ್ನೂ ಮುಂದಕ್ಕೆ ಹೋದವು. ಬಿಚ್ಚಿ ನೋಡೋದಷ್ಟೇ ಅಲ್ಲ, ನೋಡ್ತಾ ಇರೋ ಪುಟವನ್ನ ಅಲ್ಲೇ ತಿದ್ದೋ ಸಲಕರಣೆಯನ್ನೂ ಒಳಗೇ ಇಟ್ಟವು. ಎಫ್ ಟ್ವೆಲ್ವ್ ಅನ್ನೋ ಕೀ ಒತ್ತಿದರೆ ಸಾಕು. ನಮ್ಮಂಥ ಕೆಲಸಗಾರರು ತಪ್ಪು ಹುಡುಕಲಿ ಅಂತ ಮಾಡಿದ್ದು ಅದು.

ಜನಕ್ಕೆ ಒಂದು ತಪ್ಪು ತಿಳಿವಳಿಕೆ. ಪರದೆ ಮೇಲೆ ಕಾಣೋದೇ ಆ ಕಡೆ ಸರ್ವರಿನಲ್ಲೂ ಇರೋದು ಅಂದ್ಕೊಂಡಿರ್ತಾರೆ. ಅಲ್ಲ. ಸರ್ವರು ಕಳಿಸೋದು ಬರೀ ಬರಹ, ಇಂಥದ್ದು ಇಂಥ ಜಾಗದಲ್ಲಿ ಬರಲಿ ಅಂತ. ಅದನ್ನ ಓದಿ ಪುಟ ಕಟ್ಟೋದು ನಿಮ್ಮ ಮನೆಯ ಬ್ರೌಸರು. ಮೆಸ್ಸಿನಿಂದ ಸಾಂಬಾರು ಪಾರ್ಸೆಲ್ ತಂದು ಮನೇಲಿ ಒಂದು ಹಿಡಿ ಉಪ್ಪು ಸುರಿದರೆ ಮೆಸ್ಸಿನ ಕೊಳಗ ಕೆಡುತ್ತಾ? ಹಾಗೆ. ನಾನು ತಿದ್ದೋದು ನಿಮ್ಮ ಬಟ್ಟಲಲ್ಲಿರೋದನ್ನ ಮಾತ್ರ. ಎಫ್ ಫೈವ್ ಒತ್ತಿದರೆ ಬ್ರೌಸರು ಮತ್ತೆ ಸರ್ವರನ್ನ ಕೇಳಿ ಹೊಸದಾಗಿ ತರುತ್ತೆ, ನನ್ನ ಉಪ್ಪು ಮಾಯ.

ಆಫೀಸಲ್ಲಿ ಇದರಿಂದ ಎಷ್ಟು ನಗಿಸಿದ್ದೀನಿ! ಪಕ್ಕದ ಸೀಟಿನ ಅನಿಲ್ ಟೀ ತರೋಕೆ ಹೋದಾಗ ಅವನ ಪ್ರಮೋಷನ್ ಪುಟದಲ್ಲಿ ‘ಕೆಲಸದಿಂದ ಬಿಡುಗಡೆ’ ಅಂತ ಬರೆದಿಟ್ಟೆ. ಅವನ ಮುಖ ನೋಡಬೇಕಿತ್ತು, ಸುಣ್ಣ. ಡೇ, ಎಫ್ ಫೈವ್ ಒತ್ತೋ ಅಂದೆ. ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನನ್ನ ಹೆಂಡತಿ ಆ ಕತೆ ಕೇಳಿ ಅಂದಿದ್ದಳು. ಇಲಿ ಸಾಯಲ್ವಲ್ಲ ಮಾರಾಯ್ತಿ, ಎಫ್ ಫೈವ್ ಇದೆಯಲ್ಲ ಅಂದೆ.

ನನ್ನ ಹೆಂಡತಿ ಸುಮೇಧಾ. ಹೊಸಪೇಟೆಯವಳು. ಇಲ್ಲಿ ಒಂದು ಆಸ್ಪತ್ರೇಲಿ ಚಿಕ್ಕ ಮಕ್ಕಳ ಕಿವಿ ಕೇಳಿಸುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡೋ ಕೆಲಸ. ಮದುವೆಯಾದ ಹೊಸದರಲ್ಲಿ ಅವಳಿಗೂ ಒಂದೆರಡು ಸಲ ಆಟ ಆಡಿಸಿದೆ. ಒಂದು ಸಲ ಸ್ವಲ್ಪ ಜಾಸ್ತಿ ಆಯ್ತು, ಒಪ್ಪಿಕೋತೀನಿ. ಅವಳ ಅಪ್ಪ ಸೀತಾರಾಮ ಅವರಿಗೆ ಹಾರ್ಟ್ ಆಪರೇಷನ್ ಅಂತ ಊರಿಗೆ ಹೊರಟಿದ್ದಳು. ಟಿಕೆಟ್ ಖಾತ್ರಿಯಾಗಿದ್ದನ್ನ ‘ವೇಟಿಂಗ್ ಲಿಸ್ಟ್ ಎಂಬತ್ತನಾಲ್ಕು’ ಅಂತ ಮಾಡಿ ತೋರಿಸಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ನಕ್ಕೆ. ಎಂಟು ದಿನ ಮಾತಾಡಲಿಲ್ಲ. ಕೊನೆಗೆ ದೇವರಮನೇಲಿ ರಾಯರ ಪಟದ ಮುಂದೆ ನಿಂತು ಆಣೆ ಇಟ್ಟೆ, ಇನ್ನು ನಿನ್ನ ಹತ್ತಿರ ಈ ಆಟ ಆಡಲ್ಲ ಅಂತ. ಅದಕ್ಕೆ ಮುಂಚೆ ನಾನು ಏನು ತೋರಿಸಿದರೂ ಒಂದು ಸಲ ಎಫ್ ಫೈವ್ ಒತ್ತಿಯೇ ನಂಬುತ್ತಿದ್ದಳು, ಟಿಕೆಟಿನ ದಿನ ಗಾಬರೀಲಿ ಮರೆತಿದ್ದಳು ಅಷ್ಟೇ. ಆಣೆ ಇಟ್ಟ ಮೇಲೆ ಒತ್ತೋದು ಬಿಟ್ಟಳು.

ಅವಳಿಗೆ ಒಂದೇ ಹಂಬಲ. ಮೈಸೂರಿನಲ್ಲಿ ಅವಳ ವಿಷಯದಲ್ಲೇ ಎರಡು ವರ್ಷದ ಮಾಸ್ಟರ್ಸ್. ಮೂರು ವರ್ಷ ಪ್ರಯತ್ನಪಟ್ಟಿದ್ದಳು, ಇದು ಕೊನೇ ಸಲ ಅಂತ ಅವಳೇ ಗೆರೆ ಎಳೆದಿದ್ದಳು. ಬಸ್ಸಲ್ಲಿ ಓದು, ಅಡುಗೆಮನೇಲಿ ಓದು. ಈ ಸಲ ಕೊನೇ ಸುತ್ತಿನ ಸೀಟು ಹಂಚಿಕೆ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ. ಸಿಕ್ಕವರು ಅವತ್ತೇ ನಾಲ್ಕು ಗಂಟೆಯೊಳಗೆ ಆ ಪುಟದಲ್ಲೇ ‘ಅಕ್ಸೆಪ್ಟ್’ ಅನ್ನೋ ಗುಂಡಿ ಒತ್ತಬೇಕು. ಒತ್ತದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರೋರಿಗೆ ಹೋಗುತ್ತೆ. ಅರ್ಜಿ ತುಂಬಿದ್ದು ನಾನೇ, ಅದಕ್ಕೆ ಕೊಟ್ಟ ಫೋನ್ ನಂಬರೂ ನನ್ನದೇ.

ಅವತ್ತು ಅವಳು ರಜ ಹಾಕಿದ್ದಳು, ನನಗೆ ಮನೆಯಿಂದ ಕೆಲಸ. ಅಮ್ಮ ಭಜನಾ ಮಂಡಳಿಯವರ ಜೊತೆ ಮಂತ್ರಾಲಯಕ್ಕೆ ಹೋಗಿದ್ದಳು.

“ನನಗೆ ನೋಡೋ ಧೈರ್ಯ ಇಲ್ಲ ರೀ, ನೀವೇ ನೋಡಿ” ಅಂತ ಸುಮೇಧಾ ಅಡುಗೆಮನೆಯಿಂದಲೇ ಕೂಗಿದಳು.

ನೋಡಿದೆ. ಹಸಿರು ಅಕ್ಷರದಲ್ಲಿ ‘ಅಲಾಟೆಡ್, ಮೈಸೂರು’. ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಖುಷಿ ಜೊತೆಗೇ ಬೆರಳು ತುರಿಸಿತು. ಎರಡೇ ನಿಮಿಷ. ಅವಳು ಅಳಬೇಕು, ನಾನು ಎಫ್ ಫೈವ್ ಒತ್ತಬೇಕು, ಅವಳು ದಿಂಬು ತಗೊಂಡು ನನ್ನ ಹೊಡೀಬೇಕು, ಸಾಯಂಕಾಲ ಪಾಂಡಿ ಬಜಾರಿಗೆ ಹೋಗಿ ಐಸ್‌ಕ್ರೀಮ್ ತಿನ್ನಬೇಕು. ಇಷ್ಟೇ ನನ್ನ ತಲೇಲಿದ್ದದ್ದು. ರಾಯರು ದೊಡ್ಡವರು, ಎರಡು ನಿಮಿಷಕ್ಕೆಲ್ಲ ಕೋಪ ಮಾಡಿಕೊಳ್ಳಲ್ಲ ಅಂದ್ಕೊಂಡೆ. ಎಫ್ ಟ್ವೆಲ್ವ್ ಒತ್ತಿ ‘ಅಲಾಟೆಡ್’ ಮುಂದೆ ‘ನಾಟ್’ ಸೇರಿಸಿದೆ, ಬಣ್ಣ ಕೆಂಪು ಮಾಡಿದೆ, ಕೆಳಗಿದ್ದ ಅಕ್ಸೆಪ್ಟ್ ಗುಂಡಿಯನ್ನೂ ಅಳಿಸಿದೆ. ಕೆಲಸ ಅಚ್ಚುಕಟ್ಟು.

ಸುಮೇಧಾ ಸೆರಗಿಗೆ ಕೈ ಒರೆಸಿಕೊಳ್ತಾ ಬಂದು ಓದಿದಳು. ಇನ್ನೊಂದು ಸಲ ಓದಿದಳು. ಎಫ್ ಫೈವ್ ಕಡೆ ಕೈ ಕೂಡ ಹೋಗಲಿಲ್ಲ. ಅಳಲೂ ಇಲ್ಲ. ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು.

“ಹೋಗಲಿ ಬಿಡಿ. ಈಗ ಹೇಳಿದರೂ ಒಂದೇ, ಹೇಳದಿದ್ದರೂ ಒಂದೇ. ಹೇಳಿಬಿಡ್ತೀನಿ” ಅಂದಳು.

“ಏನು?” ಅಂದೆ, ನಗು ತಡಕೊಂಡು.

“ಈ ಸೀಟು ಸಿಕ್ಕಿದ್ದರೆ ಹೋದವಳು ವಾಪಸ್ ಬರ್ತಿರಲಿಲ್ಲ. ನೀವು ಹೊಡೆಯಲ್ಲ, ಕುಡಿಯಲ್ಲ. ಅಪ್ಪನ ಹತ್ತಿರ ಹೋಗಿ ಏನಂತ ಹೇಳಲಿ, ಗಂಡ ತಮಾಷೆ ಮಾಡ್ತಾರೆ ಅಂತನಾ? ಆಣೆ ಇಟ್ಟ ಮೇಲೆ ನನಗೆ ಮಾಡಿಲ್ಲ, ಒಪ್ಪಿಕೋತೀನಿ. ಆದ್ರೆ ಊರಿಗೆಲ್ಲ ಮಾಡಿ ಬಂದು ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಂಡು ನಗ್ತೀರಲ್ಲ, ಆ ನಗು ಕೇಳಿದರೆ ತಟ್ಟೆ ಬಿಟ್ಟು ಎದ್ದು ಹೋಗೋಣ ಅನ್ನಿಸುತ್ತೆ. ಅದಕ್ಕೇ ಓದಿದೆ. ಇನ್ನೇನು, ಇಲ್ಲೇ ಇರ್ತೀನಿ. ಬೇರೆ ದಾರಿ ಇಲ್ಲ.” ಎದ್ದಳು. “ಅನ್ನಕ್ಕಿಡಲಾ?”

ಹೆದರಿಕೆ ಆಯ್ತು ನನಗೆ. ಬೆರಳು ಎಫ್ ಫೈವ್ ಮೇಲೇ ಇತ್ತು. ಒತ್ತಿದರೆ ಅವಳಿಗೆ ಸೀಟು, ನನಗೆ ಖಾಲಿ ಮನೆ. ಒತ್ತಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. “ಇಡು” ಅಂದೆ.

ಹನ್ನೆರಡೂವರೆಗೆ ನನ್ನ ಫೋನಿಗೆ ಮೆಸೇಜು ಬಂತು, ಅಭಿನಂದನೆ, ನಾಲ್ಕರೊಳಗೆ ಒಪ್ಪಿಕೊಳ್ಳಿ ಅಂತ. ಅಳಿಸಿದೆ. ಒಂದಕ್ಕೆ ಊಟ ಮಾಡಿದೆವು, ಹುಳಿ, ಎಲೆಕೋಸಿನ ಪಲ್ಯ. ತಟ್ಟೆ ತೊಳೆದು ಅವಳು ಬಾಲ್ಕನಿಗೆ ಹೋಗಿ ಹೊಸಪೇಟೆಗೆ ಫೋನ್ ಮಾಡಿದಳು. “ಅಪ್ಪಾ, ಆಗಲಿಲ್ಲ” ಅಂದಳು. ಆಗ ಅತ್ತಳು. ಆ ಕಡೆಯಿಂದ ಅವರು ಏನೋ ಸಮಾಧಾನ ಹೇಳ್ತಿದ್ದರು, ಇವಳು ಹೂಂ, ಹೂಂ ಅಂತಿದ್ದಳು. ನಾನು ಒಳಗೆ ಫೋನಿನಲ್ಲೇ ಆಫೀಸಿನ ಮೀಟಿಂಗಿಗೆ ಸೇರಿ, ಕ್ಯಾಮೆರಾ ಆಫ್ ಮಾಡಿ ಕೂತು ಎಲ್ಲ ಕೇಳಿಸಿಕೊಂಡೆ.

ಮೂರಕ್ಕೆ ಇನ್ನೊಂದು ಮೆಸೇಜು, ಇನ್ನು ಒಂದೇ ಗಂಟೆ ಅಂತ. ಆಗಲಾದ್ರೂ ಹೇಳಬಹುದಿತ್ತು. ಅವಳಿಗೆ ತಿಳಿಸದೇ ನಾನೇ ಒಳಗೆ ಹೋಗಿ ಒಪ್ಪಿಗೆ ಒತ್ತಿ, ಆಮೇಲೆ ಕಾಲಿಗೆ ಬೀಳಬಹುದಿತ್ತು. ನಿಜ ಹೇಳಲಾ? ಅಷ್ಟೊತ್ತಿಗೆ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. ನನ್ನ ಬಿಟ್ಟು ಹೋಗ್ತೀಯಾ? ಹೋಗು ನೋಡೋಣ. ಅದೊಂದೇ ಯೋಚನೆ. ಗೋಡೆ ಗಡಿಯಾರ ನೋಡ್ಕೊಂಡು ಕೂತಿದ್ದೆ. ನಾಲ್ಕಾಯ್ತು. ಕಾಲು ಚಾಚಿ, “ಸುಮೇಧಾ, ಒಂದು ಕಾಫಿ ಕೊಡ್ತೀಯಾ?” ಅಂದೆ. ಕೊಟ್ಟಳು. ಡಿಕಾಕ್ಷನ್ ಗಟ್ಟಿಯಾಗಿ, ನನಗೆ ಬೇಕಾದ ಹಾಗೆ.

ನಾಲ್ಕೂವರೆಗೆ ಅವಳ ಫೋನು ಬಡಿಯಿತು. ಅವಳ ಜೊತೆ ಅದೇ ಪರೀಕ್ಷೆ ಬರೆದಿದ್ದ ರಂಜನಿ ಅನ್ನೋ ಗೆಳತಿ. ಸ್ಪೀಕರ್ ಹಾಕಿದ್ದಳು.

“ಯಾಕೇ ಬಿಟ್ಟುಬಿಟ್ಟೆ? ಹೋದ ಸುತ್ತಿನವರೆಗೂ ಪ್ರಾಣ ಬಿಡ್ತಿದ್ದೆಯಲ್ಲ! ಈಗ ಹಾಕಿರೋ ಪಟ್ಟೀಲಿ ನೋಡಿದೆ, ನೀನು ಒಪ್ಪಿಕೊಳ್ಳಲಿಲ್ಲ ಅಂತ ನಿನ್ನ ಸೀಟು ನನಗೆ ಬಂತು ಕಣೇ. ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡಿದೆ.”

ಸುಮೇಧಾ ಫೋನ್ ಇಟ್ಟಳು. ನನ್ನ ಮೇಜಿನ ಹತ್ತಿರ ಬಂದು ಲ್ಯಾಪ್‌ಟಾಪ್ ತೆರೆದಳು. ನಾನು ಬಿಟ್ಟ ಹಾಗೇ ಇತ್ತು ಪುಟ, ಕೆಂಪು ಅಕ್ಷರ. ಆಣೆಯಾಗಿ ಎರಡು ವರ್ಷದ ಮೇಲೆ ಮೊದಲ ಸಲ ಎಫ್ ಫೈವ್ ಒತ್ತಿದಳು. ‘ಅಲಾಟೆಡ್’ ಅಂತ ಬಂತು. ಅದರ ಕೆಳಗೆ, ಅವಧಿಯೊಳಗೆ ಒಪ್ಪಿಗೆ ಬಾರದ ಕಾರಣ ರದ್ದು.

“ತಮಾಷೆಗೆ... ಎರಡೇ ನಿಮಿಷ ಅಂತ...” ಅಂದೆ.

“ನಾನು ಅಪ್ಪನಿಗೆ ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತಾ?”

ನಾನು ಮೇಜಿನ ಮೇಲಿದ್ದ ನನ್ನ ಫೋನನ್ನ ಮಗುಚಿಟ್ಟೆ.

“ಕಾಫಿ ಕೇಳಿದಾಗ?”

ಖಾಲಿ ಲೋಟ ಪಕ್ಕಕ್ಕೆ ಸರಿಸಿದೆ. ಅವಳು ಕೂಗಾಡಲಿಲ್ಲ. ಒಂದು ಬ್ಯಾಗಿಗೆ ನಾಲ್ಕು ಬಟ್ಟೆ, ಸರ್ಟಿಫಿಕೇಟುಗಳ ಫೈಲು ತುಂಬಿಕೊಂಡು ಮೆಟ್ಟಿಲಿಳಿದು ಹೋದಳು. ಲೋಟ ಕೂಡ ನಾನೇ ತೊಳೀಬೇಕಾಯ್ತು.

ಮೂರು ದಿನ ಬಿಟ್ಟು ಅಮ್ಮ ಪರಿಮಳ ಪ್ರಸಾದ ಹಿಡಕೊಂಡು ಬಂದಳು. ಅವಳಿಗೆ ಏನು ಹೇಳೋದು? ಸೀಟು ಬರಲಿಲ್ಲಮ್ಮ, ನಾನೇ ಪುಟ ತೆಗೆದು ತೋರಿಸಿದೆ, ಆ ಸಿಟ್ಟಿಗೆ ನನ್ನ ಮೇಲೆ ಹಾರಾಡಿ ತವರಿಗೆ ಹೋದಳು ಅಂದೆ. ಅಮ್ಮ ನಂಬಿದಳು. ನಾನು ಹೇಳಿದ್ದನ್ನ ಅಮ್ಮ ಯಾವಾಗಲೂ ನಂಬ್ತಾಳೆ. ಓದಿದ ಹೆಣ್ಣಿಗೆ ಇಷ್ಟು ಸೊಕ್ಕು ಇರಬಾರದು ಅಂತ ನಮ್ಮ ಬೀದಿಯಲ್ಲಿ, ಮಠದಲ್ಲಿ, ತರಕಾರಿ ಅಂಗಡಿಯಲ್ಲಿ ಹೇಳಿಕೊಂಡು ಬಂದಳು. ಸುಮೇಧಾ ನಮ್ಮ ಯಾರಿಗೂ ಏನೂ ಹೇಳಲಿಲ್ಲ. ಆರು ತಿಂಗಳಿಗೆ ವಿಚ್ಛೇದನದ ನೋಟಿಸು ಬಂತು.

ಈಗ ಕೋರ್ಟಿನ ಕೇಸುಗಳೂ ವೆಬ್ಬಿನಲ್ಲೇ ಕಾಣುತ್ತೆ. ನಂಬರು ಹಾಕಿದರೆ ಎಲ್ಲಿಗೆ ಬಂತು ಅಂತ ತೋರಿಸುತ್ತೆ. ಅಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, “ಏನ್ಡಾ ಕೌಶೀ, ಮನಸ್ಸು ಬದಲಾಯಿಸಿದಳಾ ನೋಡೋ” ಅಂತಾಳೆ. ದಿನಾ ‘ಪೆಂಡಿಂಗ್’. ದಿನಾ ಅಮ್ಮನ ಮುಖ ಬಾಡುತ್ತೆ.

ಮೊನ್ನೆ ಶುಕ್ರವಾರ, ಅವಳು ಕೇಳೋಕೆ ಬರೋ ಮುಂಚೆ ನಾನು ಆ ಪುಟ ತೆಗೆದು ಕೂತಿದ್ದೆ. ಯಾಕೆ ಮಾಡಿದೆನೋ ನನಗೇ ಗೊತ್ತಿಲ್ಲ. ಎಫ್ ಟ್ವೆಲ್ವ್ ಒತ್ತಿ ‘ಪೆಂಡಿಂಗ್’ ತೆಗೆದು ‘ವಿತ್‌ಡ್ರಾನ್’ ಅಂತ ಬರೆದೆ. ಅರ್ಜಿ ವಾಪಸ್. ನೋಡ್ತಾ ಕೂತೆ. ಎಷ್ಟು ಚೆನ್ನಾಗಿತ್ತು ಗೊತ್ತಾ ಅದು? ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಮ್ಮ ಹಿಂದೆ ಬಂದು ನಿಂತಿದ್ದಳು.

“ವಾಪಸ್ ತಗೊಂಡಳಾ?” ಅಂತ ಕಿರುಚಿದಳು. “ರಾಯರೇ, ನನ್ನಪ್ಪಾ!”

ಇಲ್ಲಮ್ಮ ಅನ್ನಬೇಕಿತ್ತು. ಬಾಯಿ ತೆರೆದೆ. ಅವಳ ಮುಖ ನೋಡಿದೆ. “ಹೂಂ” ಅಂದೆ.

ಅಮ್ಮ ಓಡಿಹೋಗಿ ಒಲೆ ಮೇಲೆ ಹೆಸರುಬೇಳೆ ಇಟ್ಟಳು. ಪಾಯಸದ ಬೆಲ್ಲ ಕುಟ್ಟೋ ಸದ್ದು ಕೇಳಿಸ್ತು. ಎರಡು ನಿಮಿಷ ಬಿಟ್ಟು ಹೇಳೋಣ ಅಂದ್ಕೊಂಡೆ. ಕುಟ್ಟೋ ಸದ್ದು ನಿಂತು ಅಮ್ಮ ಯಾರ ಹತ್ತಿರವೋ ಮಾತಾಡೋದು ಕೇಳಿಸ್ತು. “ತಾಯೀ, ದೊಡ್ಡ ಮನಸ್ಸು ಮಾಡಿದೆ. ಕಂಡವರ ಹತ್ತಿರ ನಿನ್ನ ಬೈಕೊಂಡು ತಿರುಗಿದೆ, ಅದೆಲ್ಲ ಮನಸ್ಸಿಗೆ ಹಚ್ಚಿಕೋಬೇಡಮ್ಮ.” ಸುಮೇಧಂಗೇ ಫೋನ್ ಮಾಡಿಬಿಟ್ಟಿದ್ದಳು.

ಅಮ್ಮ ಬೆಲ್ಲ ಅಂಟಿದ ಕೈಯಲ್ಲಿ, ಇನ್ನೂ ಕಟ್ ಮಾಡದ ಫೋನ್ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಮುಖದಲ್ಲಿ ನಗು ಇನ್ನೂ ಅರ್ಧ ಇತ್ತು.

“ಅವಳು ಜಾಸ್ತಿ ಮಾತಾಡಲಿಲ್ಲ ಕಣೋ. ‘ಅತ್ತೆ, ಎಫ್ ಫೈವ್ ಒತ್ತಿ ನೋಡಿ’ ಅಂದಳು. ಅದೇನ್ಡಾ ಅದು? ಯಾವುದು, ತೋರಿಸು.”

ನಾನು ತೋರಿಸಲಿಲ್ಲ. ಅಮ್ಮ ಬ್ಯಾಂಕ್ ಗುಮಾಸ್ತರ ಮಗಳು, ಇಂಗ್ಲಿಷ್ ಅಕ್ಷರ ಬರುತ್ತೆ. ಬಗ್ಗಿ ಕೀಗಳ ಮೇಲಿನ ಸಾಲನ್ನ ಒಂದೊಂದಾಗಿ ಓದಿ, ಹುಡುಕಿ, ತಾನೇ ಒತ್ತಿದಳು. ಪುಟ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಬಂತು. ಪೆಂಡಿಂಗ್.

“ಹಾಗಾದ್ರೆ ಆಗ ನಾನು ನೋಡಿದ್ದು?”

“ನಾನು ಬರೆದದ್ದು.”

“ಯಾಕೆ?”

“ಶುಮ್ಮಾ” ಅಂದೆ. ತಮಿಳಲ್ಲಿ ಅಷ್ಟೇ ಬಂತು ಬಾಯಿಗೆ. ಸುಮ್ಮನೆ.

ಅಮ್ಮ ಇನ್ನೊಂದು ಸಲ ಎಫ್ ಫೈವ್ ಒತ್ತಿ ನೋಡಿದಳು, ಪೆಂಡಿಂಗೇ. ಆಮೇಲೆ ಕೇಳಿದಳು, “ಸೀಟು ಬರಲಿಲ್ಲ ಅಂತ ಅವಳಿಗೆ ತೋರಿಸಿದೆಯಲ್ಲ ಅವತ್ತು. ಅದನ್ನ ಬರೆದವರು ಯಾರು?”

ಉತ್ತರಕ್ಕೆ ಅಮ್ಮ ಕಾಯಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಅಲ್ಲಿಂದ ಅವಳ ದನಿ ಕೇಳಿಸ್ತು, ಮೆಲ್ಲಗೆ, ಆದ್ರೆ ನನಗೆ ಕೇಳಲಿ ಅಂತಲೇ.

“ಸುಮೇಧಾ, ಫೋನ್ ಇಟ್ಟಿಲ್ಲ ತಾನೇ? ನಿನ್ನ ವಕೀಲರ ನಂಬರು ಕೊಡಮ್ಮ. ಕೋರ್ಟಿಗೆ ನಾನೂ ಬರ್ತೀನಿ. ನಿನ್ನ ಕಡೆಯಿಂದ.”