ಕಿವಿಯ ಹತ್ತಿ

"ಕಸ ಗುಡ್ಸೋಳು ಕಸ ಗುಡ್ಸು. ನಾಡಿ ಇಡಿಯಕೆ ನೀನೇನು ಡಾಕ್ಟ್ರಮ್ಮನಾ?"

ಎಲ್ಲರಿಗೂ ಕೇಳಲಿ ಎಂದೇ ಮಾದೇಶ್ ಗಟ್ಟಿಯಾಗಿ ಅಂದ. ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದವರಲ್ಲಿ ಇಬ್ಬರು ನಕ್ಕರು. ಆಯಾ ಪುಟ್ಟಸಿದ್ದಮ್ಮ ಬಾಣಂತಿಯ ಪಾದದ ಮೇಲಿಟ್ಟ ಕೈ ತೆಗೆಯಲಿಲ್ಲ.

"ಕಾಲು ಮಂಜ್ನಂಗೆ ತಣ್ಣಗವೆ ಕಣಪ್ಪ. ಉಸ್ರು ನೋಡು, ಎಂಗೆ ಓಡ್ತಾ ಅದೆ. ಮೊದ್ಲು ಒಳಕ್ಕೆ ಬುಡು."

"ತೊಂಬತ್ತೇಳು ಅದೆ. ಜ್ವರನೇ ಇಲ್ಲ."

ಚಾಮರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಬಾಗಿಲ ಕೆಲಸ ಅವನದು. ಗೋಡೆಗೆ ಡಾಕ್ಟರು ಹಾಳೆ ಅಂಟಿಸಿದ್ದರು: ಜ್ವರ ನೂರೊಂದು ದಾಟಿದವರು ಮೊದಲು, ಉಳಿದವರು ಚೀಟಿಯ ಪ್ರಕಾರ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮಾದೇಶನಿಗೆ ಥರ್ಮಾಮೀಟರ್ ಓದಲು ಬರುತ್ತಿತ್ತು, ಪುಟ್ಟಸಿದ್ದಮ್ಮನಿಗೆ ಬರುತ್ತಿರಲಿಲ್ಲ. ಅವಳಿಗಿಂತ ತಾನು ಮೇಲು ಅನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಅಷ್ಟೇ.

ಹೆತ್ತು ಆರು ದಿನವಾಗಿದ್ದ ಕುಮಾರಿಯನ್ನು ಅವಳ ತಾಯಿ ಮರಿತಾಯಮ್ಮ ಉಮ್ಮತ್ತೂರಿನಿಂದ ಮೊದಲ ಬಸ್ಸಿಗೆ ಕರೆತಂದಿದ್ದಳು. ನಿನ್ನೆವರೆಗೆ ಕೆಂಡದಂತಿದ್ದ ಮೈ ತಣ್ಣಗಾಯಿತೆಂದು ತಾಯಿಗೂ ತುಸು ಸಮಾಧಾನ. ಚೀಟಿಗೆ ಬರೆಯಲು ಮಾದೇಶ್ ಅವಳ ಹೆಸರೇನೆಂದು ಕೇಳಿದಾಗ ಕುಮಾರಿ ಬಾಯಿ ಬಿಟ್ಟಿರಲಿಲ್ಲ. ತಲೆಗೆ ಸ್ಕಾರ್ಫ್ ಬಿಗಿದು ಕಿವಿಗೆ ಹತ್ತಿ ತುರುಕಿಕೊಂಡ ಬಾಣಂತಿ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡು, ತಾಯಿಯಿಂದ ಹೆಸರು ಬರೆಸಿಕೊಂಡು ಹತ್ತೊಂಬತ್ತನೇ ಚೀಟಿ ಕೊಟ್ಟಿದ್ದ. ಈಗ ಹತ್ತೂವರೆ. ಒಳಗೆ ಹೋದದ್ದು ಬರೀ ಐದು ಚೀಟಿ.

ಪುಟ್ಟಸಿದ್ದಮ್ಮ ಸ್ಕಾರ್ಫ್ ಸಡಿಲಿಸಿ ಎರಡೂ ಕಿವಿಯ ಹತ್ತಿ ತೆಗೆದಳು. ಬಗ್ಗಿ ಕೇಳಿದಳು.

"ನಿನ್ ಮಗ ಎಲ್ಲವ್ನೆ ಕಣಮ್ಮಿ?"

ಕುಮಾರಿ ಅವಳನ್ನೇ ನೋಡಿದಳು. "ಯಾವ ಮಗ?"

ಕೂಸು ಪಕ್ಕದಲ್ಲೇ, ಮರಿತಾಯಮ್ಮನ ತೊಡೆಯ ಮೇಲಿತ್ತು.

ಯಾರೂ ನಗಲಿಲ್ಲ. ಪುಟ್ಟಸಿದ್ದಮ್ಮ ಎದ್ದು, ಮಾದೇಶನನ್ನು ದಾಟಿ, ಡಾಕ್ಟರ ಬಾಗಿಲನ್ನು ತಾನೇ ದೂಡಿದಳು.

ಡಾಕ್ಟರು ಓಡಿ ಬಂದರು. ಬಿ.ಪಿ. ನೋಡಿದರು. "ರಕ್ತಕ್ಕೆ ನಂಜು ಏರಿದೆ. ಮೈಸೂರಿಗೆ, ಈಗಲೇ" ಎಂದು ಡ್ರಿಪ್ ಹಾಕಿಸಿದವರು ತಿರುಗಿ ಕೇಳಿದರು, "ಇವರು ಬಂದು ಎಷ್ಟು ಹೊತ್ತಾಯ್ತು?"

ಪುಟ್ಟಸಿದ್ದಮ್ಮ ಮಾದೇಶನ ಮುಖ ನೋಡಿದಳು.

"ಈಗ್ತಾನೆ ಸಾರ್" ಅಂದ ಮಾದೇಶ್.

ಅಂಗಳದಲ್ಲಿ ಸ್ಟ್ರೆಚರನ್ನು ವ್ಯಾನಿಗೆ ಏರಿಸುವಾಗ ಮರಿತಾಯಮ್ಮ ಕೂಸನ್ನು ಎದೆಗವಚಿಕೊಂಡು ಮಾದೇಶನ ಹತ್ತಿರ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾವು ಏಳ್ ಗಂಟೆಗೇ ಬಂದಿದ್ದೋ ಅಲ್ವೇನಪ್ಪ? ಮೈಸೂರ್ನಲ್ಲಿ ಕೇಳುದ್ರೆ ಏನನ್ಲಿ? ನೀನಂದಂಗೆ, ಈಗ್ತಾನೆ ಅಂತ್ಲೇ ಅನ್ಲಾ?"

ಬೆಂಚಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮಾದೇಶ್ ಗೇಟು ದಾಟಿ ರಸ್ತೆಗಿಳಿದ. ಹಿಂದಿನಿಂದ ವ್ಯಾನು ಹಾರನ್ ಹೊಡೆಯಿತು. ಅವನು ತಿರುಗಿ ನೋಡದೆ ಅಂಚಿಗೆ ಸರಿದು, ಅದಕ್ಕೆ ದಾರಿ ಬಿಟ್ಟು, ನಡೆಯುತ್ತಲೇ ಹೋದ.