ಮೂರೂವರೆಯ ಫೋನು

ನಾಗಪುರದ ಕಾಮಠಿ ರಸ್ತೆಯ ಒಂದು ಕಟ್ಟಡದಲ್ಲಿ ಕೂತು ಆಕಾಶದಲ್ಲಿರುವ ನಮ್ಮ ಉಪಗ್ರಹಗಳನ್ನು ಕಾಯುವುದು ಅನಸೂಯಳ ಕೆಲಸ. ವಿಜಯಪುರದಿಂದ ವರ್ಗವಾಗಿ ಬಂದು ಮೂರು ವರ್ಷ. ಅಷ್ಟೂ ದಿನ ತಪ್ಪದ ಪದ್ಧತಿಯೊಂದಿತ್ತು: ಮಧ್ಯಾಹ್ನ ಮೂರೂವರೆಗೆ ಎದುರಾಳಿ ದೇಶದ ಇಂಥದೇ ಕೋಣೆಯಿಂದ ಫೋನು. 'ಕೇಳಿಸುತ್ತಿದೆಯೇ?' 'ಕೇಳಿಸುತ್ತಿದೆ.' ಲೈನು ಸರಿಯಿದೆಯೋ ನೋಡಲು ಅಷ್ಟೇ ಮಾತು. ಹೆಚ್ಚಿನದು ಇಬ್ಬರಿಗೂ ನಿಷಿದ್ಧ.

ಇವತ್ತು ಮೂರು ಇಪ್ಪತ್ತಕ್ಕೆ ಅವರ ಉಪಗ್ರಹವೊಂದು ನಮ್ಮದಕ್ಕೆ ಹದಿನಾಲ್ಕು ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದಿತ್ತು, ಇನ್ನೂ ಬರುತ್ತಲೇ ಇತ್ತು. ಐದು ಕಿಲೋಮೀಟರಿನ ಗೆರೆ ದಾಟಿದರೆ ನೆಲದಿಂದ ಲೇಸರ್ ಬಿಟ್ಟು ಅದರ ಕ್ಯಾಮೆರಾ ಕಣ್ಣು ಸುಡಬೇಕೆಂದು ಹುಕುಂ. ಸುಟ್ಟರೆ ಅವರೇನು ಬಳೆ ತೊಟ್ಟು ಕೂರುತ್ತಾರೆಯೇ? ಮೇಲೆ ಹತ್ತಿದ ಜಗಳ ನೆಲಕ್ಕಿಳಿಯಲು ಎಷ್ಟು ಹೊತ್ತು ಬೇಕು?

"ಫೋನ್ ಬಂದ್ರ ಎತ್ತಬ್ಯಾಡ್ರಿ," ಎಂದರು ಹಿರಿಯ ಅಧಿಕಾರಿ ಕೇದಾರನಾಥ, ಕಲಬುರಗಿಯವರು. "ಅವ್ರೂ ಸ್ವಲ್ಪ ಅಂಜಲಿ."

"ಸರ್, ಅಂಜಿದವ್ರ ಮೊದಲ ಹೊಡೀತಾರ್ರಿ."

"ನಾ ಹೇಳಿದ್ದು ಬರೋಬರ್ ತಿಳೀತಿಲ್ಲೋ?"

ಮೂರೂವರೆಗೆ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹತ್ತು ಕಿಲೋಮೀಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅನಸೂಯ ಎತ್ತಿಯೇಬಿಟ್ಟಳು.

"ಕೇಳಿಸುತ್ತಿದೆಯೇ?" ದಿನದ ಅದೇ ಗಂಡು ದನಿ ಕೋಣೆಗೆಲ್ಲ ಕೇಳಿಸಿತು. ಇವತ್ತು ನಡುಗುತ್ತಿತ್ತು.

"ಕೇಳಿಸುತ್ತಿದೆ." ಇಡಬೇಕಿತ್ತು, ಇಡಲಿಲ್ಲ. "ಅದು ನಿಮ್ಮ ಹಿಡಿತದಲ್ಲಿದೆಯೇ?"

ಹಿಡಿತ ತಪ್ಪಿದೆಯೆಂದು ಶತ್ರುವಿನ ಮುಂದೆ ಒಪ್ಪಿಕೊಂಡರೆ ಅವನ ಗತಿ ಏನಾದೀತೆಂದು ಅವಳಿಗೂ ಗೊತ್ತಿತ್ತು.

"ಇಲ್ಲ," ಎಂದು ಫೋನಿಟ್ಟ.

"ಸುಳ್ಳ ಹೇಳ್ತಾನ," ಎಂದರು ಕೇದಾರನಾಥ. ಏಳು ಕಿಲೋಮೀಟರು.

"ಸುಳ್ಳಾಗಿದ್ರ ಗಟ್ಟಿಯಾಗಿ ಹೇಳ್ತಿದ್ನರಿ ಸರ್. ನಮ್ಮದನ್ನ ನಾವ ಸರಸೂಣು. ಜಲ್ದಿ."

ಸರಿಸಿದರೆ ಇಂಧನ ಖರ್ಚಾಗಿ ಉಪಗ್ರಹದ ಆಯುಸ್ಸು ಎರಡು ವರ್ಷ ಕಡಿಮೆ. ಕೇದಾರನಾಥ ಬೆವರು ಒರೆಸಿಕೊಂಡು ಆದೇಶ ಕೊಟ್ಟರು. ಆರು. ಐದೂಮುಕ್ಕಾಲು. ಆಮೇಲೆ ಆರೂವರೆ, ಒಂಬತ್ತು. ಅವರದು ಹಿಂಬಾಲಿಸಲಿಲ್ಲ, ತನ್ನ ಪಾಡಿಗೆ ತೇಲುತ್ತ ಹೋಯಿತು.

ಆಜ್ಞೆ ಮೀರಿದ್ದಕ್ಕೆ ಮರುದಿನ ಅನಸೂಯಳನ್ನು ಆ ಮೇಜಿನಿಂದ ತೆಗೆದರು. ಹೊರಕೋಣೆಯಲ್ಲಿ ವಿವರಣೆ ಬರೆಯುತ್ತ ಕೂತಳು. ಅವನನ್ನೂ ತೆಗೆದರೋ, ಇನ್ನೇನಾದರೂ ಮಾಡಿದರೋ ಎಂದು ಮತ್ತೆ ಮತ್ತೆ ಗಡಿಯಾರ ನೋಡಿದಳು. ಮೂರೂವರೆಗೆ ಒಳಗೆ ಫೋನು ಬಡಿದುಕೊಂಡು ನಿಂತಿತು. ಮತ್ತೆ ಬಡಿದುಕೊಂಡು ನಿಂತಿತು. ಕೇದಾರನಾಥ ಬಾಗಿಲಿಗೆ ಬಂದರು.

"ನಿನ್ನಿ ಅದ ದನಿ ಐತ್ರಿ. ನಾ ಮಾತಾಡಿದ ಕೂಡ್ಲೆ ಇಟ್ಟಬಿಡ್ತಾನ," ಎಂದರು. "ಬರ್ರಿ, ನೀವ ಎತ್ತ್ರಿ."